ತೊಗರಿ ಕಚ್ಚಿಕೊಂಡ ಡಿಕ್ಕಿ

ಆ ಡಿಕ್ಕಿ ತೆರೆಯಲು ನನಗೆ ಹದಿಮೂರು ಸಾವಿರದ ನಾಲ್ಕುನೂರು ರೂಪಾಯಿ ಬಿತ್ತು. ಮೂರು ಸಾವಿರದ ನಾಲ್ಕುನೂರು ಮಿಸ್ತ್ರಿಯ ಮಜೂರಿ, ಎಣ್ಣೆ, ಕಲಬುರಗಿಯಿಂದ ಕಮಲಾಪುರಕ್ಕೆ ಓಡಾಡಿದ ಪೆಟ್ರೋಲು. ಉಳಿದ ಹತ್ತು ಸಾವಿರ ನನ್ನ ಜಾಣತನಕ್ಕೆ ನಾನೇ ಕಟ್ಟಿದ ದಂಡ. ಮೊದಲನೆಯ ಖರ್ಚು ಯಾರಿಗೂ ತಪ್ಪದು. ಎರಡನೆಯದನ್ನು ನೀವು ಉಳಿಸಿಕೊಳ್ಳಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ ತೊಗರಿ ದಲಾಲಿ ಮಾಡುವವನು. ಮೀಸೆ ಮೂಡುವ ಮೊದಲೇ ಅಲ್ಲಿ ಹಮಾಲನಾಗಿ ಚೀಲ ಹೊತ್ತಿದ್ದೇನೆ. ಆಮೇಲೆ ನಾನು ಕೊಂಡದ್ದೆಲ್ಲ ತಿರುಗಿ ಮಾರಲು ಬರುವಂಥದ್ದೇ: ಪ್ಲಾಟು, ಬಂಗಾರ, ಒಂದು ಟೆಂಪೊ. ಹೋದ ಬೇಸಿಗೆಯ ಆರಂಭದಲ್ಲಿ ಕಮಲಾಪುರದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ತೊಗರಿ ನೋಡಲು ಹೋಗಿದ್ದೆ. ಅಲ್ಲಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆ. ಅವರ ಹಿತ್ತಲ ಬೇವಿನ ಕೆಳಗೆ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ನಿಂತಿತ್ತು. ಎರಡೇ ಬಾಗಿಲು, ಉದ್ದ ಮೂತಿ, ಇಟ್ಟಂಗಿಯ ಬಣ್ಣಕ್ಕಿಳಿದ ಕೆಂಪು. ಹಿಂದೆ ಡಿಕ್ಕಿಯ ಮುಚ್ಚಳವೇ ಒಂದು ದೊಡ್ಡ ಇಳಿಜಾರು ಗಾಜು. ತೊಗರಿಯ ದರ ಮಾತಾಡಬೇಕಾದವನು ಕಾರಿನ ಸುತ್ತ ಮೂರು ಸುತ್ತು ಹಾಕಿದೆ. ಮಾರಿದರೆ ಎಷ್ಟು ಬಂದೀತು ಎಂಬ ಲೆಕ್ಕ ಹಾಕದೆಯೇ ಅದು ನನಗೆ ಬೇಕು ಅನ್ನಿಸಿಬಿಟ್ಟಿತ್ತು.

ಅಕ್ಕೋರ ಅಣ್ಣ ಮುಂಬೈಯಲ್ಲಿ ನೌಕರಿಯಲ್ಲಿದ್ದಾಗ ಕೊಂಡ ಗಾಡಿ ಅದು. ಅವರು ತೀರಿಹೋದ ಮೇಲೆ ಅಕ್ಕೋರು ಅದರ ಹಿಂಭಾಗದಲ್ಲಿ ಮನೆಯ ತೊಗರಿ ಚೀಲ ಇಡುತ್ತಾ ಬಂದಿದ್ದರು. ಈಗಲೂ ಮೂರು ಚೀಲ ಅದರಲ್ಲಿದ್ದವು.

"ಇಲಿ ಹೊಗಲಾರದ ಕೋಣಿ ಮನ್ಯಾಗ ಅದೊಂದೇ ಅದ ನೋಡ್ರಿ," ಎಂದರು.

ಬೆಲೆ ಮಾತಾಯಿತು, ಮುಂಗಡ ಕೊಟ್ಟೆ. ಮರುದಿನ ನೀರಿನ ಟ್ಯಾಂಕರ್ ಕರೆಸಿ, ಪೈಪು ಹಿಡಿಸಿ, ಒಂದು ತಾಸು ಕಾರು ತೊಳೆಸಿದೆ. ಧೂಳಿನ ಕೆಳಗೆ ಬಣ್ಣ ಎಷ್ಟು ಉಳಿದಿದೆ ಎಂದು ತಿಳಿಯುವ ಆತುರ ನನಗೆ. ಎರಡು ದಿನ ಬಿಟ್ಟು ಬಂದು, ಮುಂದಿನ ಸೀಟಿನ ಪಕ್ಕದಲ್ಲಿರುವ ಡಿಕ್ಕಿ ಬಿಡಿಸುವ ಸನ್ನೆ ಎಳೆದರೆ ಮುಚ್ಚಳ ಅಲುಗಲಿಲ್ಲ.

"ದೀಪಾವಳಿಗೆ ತೆರದಿತ್ತಲ್ಲ! ಒಂದೀಟು ಬಿಗಿ ಇತ್ತು, ಅಷ್ಟ," ಎಂದರು ಅಕ್ಕೋರು.

"ಈಗ ತೆರಿಯಂಗಿಲ್ರೀ. ಇಂಥಾ ಗಾಡಿಗೆ ಆ ದರ ಹ್ಯಾಂಗ ಕೊಡ್ಲಿ?" ಎಂದೆ. ಗಂಜಿನಲ್ಲಿ ಕಲಿತ ನಾಲಿಗೆ, ಸುಮ್ಮನಿರುತ್ತದೆಯೇ? ಅರ್ಧ ತಾಸಿನಲ್ಲಿ ಹತ್ತು ಸಾವಿರ ಇಳಿಸಿದೆ.

ಅಕ್ಕೋರು ಒಪ್ಪಿದರು, ಆದರೆ ಬೆರಳೆತ್ತಿ ಒಂದು ಕರಾರು ಹಾಕಿದರು. "ಡಿಕ್ಕಿ ಇಲ್ಲೇ ನನ್ನ ಕಣ್ಣ ಮುಂದ ತೆರೀಬೇಕು. ಗಾಜಿಗಿ ಒಂದು ಗೀರು ಬಿದ್ದರೂ ಗಾಡಿ ಕೊಡಂಗಿಲ್ಲ. ನಿಮ್ಮ ಮುಂಗಡ ತಗೊಂಡು ಹೋಗ್ರಿ. ನಾ ಮೊದಲನೇ ನೌಕರಿಗಿ ಹೋಗುವಾಗ ಅಣ್ಣ ನನ್ನ ಆ ಗಾಜಿನ ಕೆಳಗ ಕುಂದ್ರಿಸಿ ಕರಕೊಂಡು ಹೋಗಿದ್ದ. ಸಾಲಿ ಮಕ್ಕಳೆಲ್ಲ ಹಿಂದಿಂದ ಓಡಿ ಬಂದಿದ್ರು."

ಆ ಗಾಜು ಒಡೆದರೆ ಕಲಬುರಗಿಯಲ್ಲಷ್ಟೇ ಅಲ್ಲ, ಹೈದರಾಬಾದಿನಲ್ಲೂ ಇನ್ನೊಂದು ಸಿಗದು. ಒಡೆದರೆ ಕಾರು ಹೋಯಿತು, ತೆರೆಯದಿದ್ದರೂ ಹೋಯಿತು.

ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ಗ್ಯಾರೇಜಿಟ್ಟಿರುವ ಹಿರಿಯ ಮಿಸ್ತ್ರಿಯನ್ನು ಕರೆದೊಯ್ದೆ. ಅವರನ್ನು ನಾನು ಉಸ್ತಾದ್ ಎನ್ನುತ್ತೇನೆ, ಅವರು ನನ್ನನ್ನು ಸೇಠ್ ಎನ್ನುತ್ತಾರೆ, ಮಜೂರಿ ಹೇಳುವಾಗ ಮಾತ್ರ ಇಬ್ಬರೂ ಅದನ್ನು ಮರೆಯುತ್ತೇವೆ. ಉಸ್ತಾದ್ ಸಂದಿಗೆ ಎಣ್ಣೆ ಹೊಡೆದರು, ಕಾದರು, ಸನ್ನೆ ಎಳೆದರು. ಒಳಗೆ ಟಕ್ ಎಂದಿತು, ಮುಚ್ಚಳ ಏಳಲಿಲ್ಲ.

"ಸೇಠ್, ಜಂಗ್ ಹಿಡದದ, ಒಳಗ ತುಕ್ಕು ತಿಂದದ. ಸುತ್ತ ರಬ್ಬರ್ ಕೊಯ್ದು ಗಾಜೇ ಹೊರಗ ತೆಗೀಬೇಕು."

"ಒಡೆದರ?"

"ಒಡೆದರ ನಾ ರೋಜಾಕ್ಕ, ನೀವು ಗಂಜಿಗಿ. ಅಕ್ಕೋರಿಗಿ ಮುಖ ತೋರಸೋದು ಬ್ಯಾಡ."

ರಬ್ಬರ್ ಒಣಗಿ ಗಾಜಿಗೆ ಕಲ್ಲಿನಂತೆ ಅಂಟಿತ್ತು. ಬೇಡವೆಂದೆ. ಒಳಗಿನಿಂದಲೇ ನೋಡೋಣವೆಂದು ಮುಂದಿನ ಬಾಗಿಲಿನಿಂದ ನುಗ್ಗಿ, ಸೀಟುಗಳ ಮೇಲೆ ಹಾಯ್ದು, ಚೀಲಗಳ ಮೇಲೆ ಬೋರಲು ಮಲಗಿ ಹಿಂದಕ್ಕೆ ತೆವಳಿದೆ. ಹಮಾಲನಾಗಿದ್ದಾಗಿನ ಮೈಯಲ್ಲ ಈಗ ನನ್ನದು. ಹೊಟ್ಟೆ ಚೀಲಕ್ಕೂ ಗಾಜಿಗೂ ನಡುವೆ ಸಿಕ್ಕಿಕೊಂಡಿತು. ಮೇಲೆ ಗಾಜು, ಗಾಜಿನ ಮೇಲೆ ಬೇವಿನ ಸಂದಿಯ ಬಿಸಿಲು.

"ಈಗ ನಾಕನೇ ಚೀಲ ಆತು," ಎಂದರು ಅಕ್ಕೋರು ಹೊರಗಿನಿಂದ. "ಇದನ್ನ ಹೊರಗ ತಗಿಯೋದು ಹ್ಯಾಂಗ ಉಸ್ತಾದ್?"

"ಮೊದಲು ತೂಕ ಮಾಡಸ್ರಿ ಅಕ್ಕೋರ."

ಮೊಬೈಲಿನ ಬೆಳಕು ಬಿಟ್ಟೆ. ಡಿಕ್ಕಿಯ ಕೊಂಡಿ ಕೂರುವ ತೂತು ಕೆಳಗಿನ ತಗಡಿನಲ್ಲಿ ಬಾಯ್ದೆರೆದುಕೊಂಡಿತ್ತು. ಮೂಲೆಯ ಚೀಲ ಹರಿದಿತ್ತು. ಆ ತೂತಿನ ತುಂಬ ತೊಗರಿ. ಒಂದು ಕಾಳನ್ನು ಉಗುರಿನಿಂದ ಕಿತ್ತು ಹಲ್ಲಿಗಿಟ್ಟೆ. ಗಂಜಿನಲ್ಲಿ ನಾವು ದಿನಕ್ಕೆ ನೂರು ಸಲ ಮಾಡುವ ಕೆಲಸವಿದು: ಒಣಗಿದ ಕಾಳು ಕಟ್ ಎನ್ನುತ್ತದೆ, ಹಸಿಯಾದದ್ದು ಮೆತ್ತಗೆ ಒಡೆಯುತ್ತದೆ. ಇದು ಮೆತ್ತಗಿತ್ತು, ಜೊತೆಗೆ ಉಸ್ತಾದರ ಎಣ್ಣೆಯ ರುಚಿ. ನೀರು ಕುಡಿದು ಉಬ್ಬಿ, ಕೊಂಡಿ ತಿರುಗಲು ಕೂದಲಷ್ಟೂ ಜಾಗ ಬಿಡದೆ ಕೂತಿತ್ತು.

ನೀರು ಎಲ್ಲಿಯದೆಂದು ಯಾರೂ ಹೇಳಬೇಕಾಗಿರಲಿಲ್ಲ. ಟ್ಯಾಂಕರ್ ತರಿಸಿದವನು ನಾನು. ಹಸಿ ತೊಗರಿ ತಂದ ರೈತರಿಗೆ ಜೀವನವಿಡೀ ಬುದ್ಧಿ ಹೇಳಿದವನು, ಚೀಲವಿದ್ದ ಕಾರಿಗೆ ಒಂದು ತಾಸು ನೀರು ಹೊಡೆಸಿದ್ದೆ. ಮೇಲಾಗಿ, ನಾನೇ ಕೆಡಿಸಿದ್ದನ್ನು ತೋರಿಸಿ ಹತ್ತು ಸಾವಿರ ಮುರಿದುಕೊಂಡಿದ್ದೆ.

"ಏನ್ ಸಿಕ್ತು?" ಅಕ್ಕೋರು ಕೇಳಿದರು.

"ಜಂಗ್," ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದೇ.

ಉಸ್ತಾದ್ ಕಾಲು ಹಿಡಿದು ನನ್ನನ್ನು ಹೊರಗೆಳೆದರು. ಎದ್ದು ನಿಂತಾಗ ತುಟಿಗೆ ತೊಗರಿಯ ಸಿಪ್ಪೆ ಅಂಟಿತ್ತು. ಉಸ್ತಾದ್ ಅದನ್ನು ನೋಡಿ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದರು. ನನಗೆ ಈಗ ಚೀಲಗಳನ್ನು ಇಳಿಸಿ, ಕಾರಿನ ಬೆನ್ನನ್ನು ಬಿಸಿಲಿಗೆ ತಿರುಗಿಸಿ, ಕಾಳು ಒಣಗಿ ಕುಗ್ಗುವವರೆಗೆ ಕಾಯಬೇಕಿತ್ತು. ಬೇರೆ ದಾರಿ ಇರಲಿಲ್ಲ. ಗಾಡಿಯನ್ನು ಬಿಸಿಲಿಗೆ ತಿರುಗಿಸೋಣ ಎಂದೊಡನೆ ಅಕ್ಕೋರು ಕಣ್ಣು ಸಣ್ಣ ಮಾಡಿದರು.

"ಜಂಗಿಗಿ ಬಿಸಿಲು ಯಾಕ್ರಿ?"

"ಒಂದೀಟು ತೊಗರಿನೂ ಸಿಕ್ಕದ್ರಿ ಒಳಗ."

"ತೊಗರಿ ಎಷ್ಟೋ ವರ್ಷದಿಂದ ಅಲ್ಲೇ ಅದ. ದೀಪಾವಳಿಗೆ ತೆರದಿತ್ತು. ಈಗ್ಯಾಕ ಸಿಕ್ಕೊಂತು?" ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವರ ದನಿ ಅದು, ಏರುವುದಿಲ್ಲ, ಬಿಡುವುದೂ ಇಲ್ಲ.

"ನೀರು ಹೋಗ್ಯದ್ರಿ. ನಾ ಹೊಡಿಸಿದ ನೀರು," ಎಂದೆ. "ಆ ಹತ್ತು ಸಾವಿರ ತಿರುಗಿ ಕೊಡ್ತೇನಿ."

ಬೇಡ ಬಿಡಪ್ಪಾ ಎನ್ನುತ್ತಾರೆಂದು ಒಳಗೊಳಗೇ ಆಸೆಯಿತ್ತು. "ಕೊಡಬೇಕಲ್ಲ ಮತ್ತ!" ಎಂದು ನಕ್ಕು, "ಮೊದಲ ಡಿಕ್ಕಿ ತೆರೀರಿ," ಎಂದರು.

ಚೀಲಗಳನ್ನು ಬಾಗಿಲಿನಿಂದ ಇಳಿಸಿ, ಮೂವರೂ ಸೇರಿ ಗಾಳಿಯಿಲ್ಲದ ಗಾಲಿಗಳ ಮೇಲೆ ಕಾರನ್ನು ಬೇವಿನ ನೆರಳಿನಿಂದ ಹೊರಗೆ ತಳ್ಳಿ ಅದರ ಬೆನ್ನನ್ನು ಪಡುವಣಕ್ಕೆ ತಿರುಗಿಸಿದೆವು. ಬಾಗಿಲು ತೆರೆದಿಟ್ಟೆವು. ನಮ್ಮ ಕಡೆಯ ಬಿಸಿಲನ್ನು ಬೈಯುವವರೇ ಎಲ್ಲ. ಆ ಮೂರು ದಿನ ನಾನು ಅದನ್ನು ಹೊಗಳಿದೆ. ಅಕ್ಕೋರು ಮೂರು ಹೊತ್ತೂ ಫೋನ್ ಮಾಡಿ ವರದಿ ಕೊಟ್ಟರು: "ಇನ್ನೂ ಮೆತ್ತಗದ. ನಾನೂ ಕಡದು ನೋಡೀನಿ."

ನಾಲ್ಕನೆಯ ದಿನ ಕಾಳು ಕಟ್ ಎಂದಿತು. ಉಸ್ತಾದ್ ಸೈಕಲ್ ಕಡ್ಡಿಯ ತುದಿ ಬಾಗಿಸಿ, ಒಳಗೆ ಮಲಗಿ, ಒಂದೊಂದೇ ಕಾಳನ್ನು ಕೆದಕಿ ತೆಗೆದರು. ಸೈಕಲ್ ಪಂಪಿನಿಂದ ಗಾಳಿ ಊದಿದರು. ನಾನು ಹೊರಗೆ ಎರಡೂ ಅಂಗೈ ಗಾಜಿನ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದೆ, ಅಕ್ಕೋರು ಮುಂದೆ ಕೂತು ಸನ್ನೆ ಎಳೆದರು. ಶಬ್ದವೇ ಆಗಲಿಲ್ಲ. ಗಾಜು ಅಂಗೈಯ ಕೆಳಗೆ ಒಂದು ಬೆರಳಷ್ಟು ಮೇಲೆದ್ದಿತು.

ಅಕ್ಕೋರು ಇಳಿದು ಬಂದು ಸೆರಗಿನಿಂದ ಗಾಜನ್ನು ಅಂಚಿನಿಂದ ಅಂಚಿಗೆ ಒರೆಸುತ್ತಾ ಗೀರು ಹುಡುಕಿದರು. ಸಿಗಲಿಲ್ಲ. ಬಾಕಿ ಹಣ, ಅದರ ಮೇಲೆ ಆ ಹತ್ತು ಸಾವಿರ ಎಣಿಸಿಕೊಂಡು ಒಳಗೆ ಹೋಗಿ ಕಾಗದಪತ್ರ ತಂದರು, ಜೊತೆಗೆ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಡಿಕ್ಕಿಯ ಅಂಚಿನಲ್ಲಿ, ಕೋಲು ಆನಿಸಿ ಎತ್ತಿದ ಗಾಜಿನ ಕೆಳಗೆ, ಮೂವರೂ ಕೂತು ತಿಂದೆವು. "ಲಾರಿ ಏರಸೋಕಿಂತ ಮೊದಲ ಒಂದು ಗಳಿಗಿ ಕುಂದುರ್ತೇನಿ," ಎಂದ ಅಕ್ಕೋರು, ಕಾರು ಒಯ್ಯಲು ನಾನು ಕರೆಸಿದ್ದ ಲಾರಿ ಬಂದು ಹಾರ್ನ್ ಹೊಡೆದರೂ ಏಳಲಿಲ್ಲ. ಡ್ರೈವರ್‌ಗೂ ಒಂದು ಹಣ್ಣು ಕೊಟ್ಟು ಕೂರಿಸಿದೆ.

ನೀವೂ ಇಂಥ ಗಾಡಿ ಕೊಳ್ಳುವುದಾದರೆ ಕೇಳಿ. ನಿಮ್ಮ ಆತುರಕ್ಕೆ ಅದನ್ನು ತೊಳೆಸಬೇಡಿ. ಒಣಗಿದ್ದಾಗಲೇ ಪ್ರತಿ ಬಾಗಿಲನ್ನೂ ಮಾರುವವರಿಂದಲೇ ತೆರೆಸಿ ಮುಚ್ಚಿಸಿ, ಆಮೇಲೆ ದರ ಮಾತಾಡಿ. ಡಿಕ್ಕಿ ಸಿಕ್ಕಿಕೊಂಡರೆ ಹೊರಗಿನಿಂದ ಮೀಟಬೇಡಿ, ಒಳಗೆ ಹೋಗಿ ಕೊಂಡಿಯ ಬಾಯಿ ನೋಡಿ. ಎಣ್ಣೆ ತುಕ್ಕಿಗೆ ಮದ್ದು, ಕಾಳಿಗಲ್ಲ. ಸನ್ನೆ ಎಳೆಯುವಾಗ ಇನ್ನೊಬ್ಬರು ಮುಚ್ಚಳವನ್ನು ಮೆಲ್ಲಗೆ ಕೆಳಕ್ಕೆ ಒತ್ತಿರಲಿ, ಕೊಂಡಿಯ ಮೇಲಿನ ಬಿಗಿ ಸಡಿಲುತ್ತದೆ. ತಪ್ಪು ನಿಮ್ಮದೇ ಎಂದು ತಿಳಿದರೆ ಮೊದಲ ಪ್ರಶ್ನೆಗೇ ಹೇಳಿಬಿಡಿ. ನನ್ನಂತೆ ಮೂರನೆಯದಕ್ಕೆ ಹೇಳಿದರೂ ಹಣ ಅಷ್ಟೇ ಹೋಗುತ್ತದೆ. ಇನ್ನು, ಹಳೆಯ ಡಿಕ್ಕಿಯನ್ನು ಎತ್ತಿ ಹಿಡಿಯುವ ಸಲಾಕೆಗಳಲ್ಲಿ ಶಕ್ತಿ ಉಳಿದಿರುವುದಿಲ್ಲ. ತಲೆ ಒಳಗೆ ಹಾಕುವ ಮೊದಲು ಒಂದು ಗಟ್ಟಿ ಕೋಲು ಆನಿಸಿ, ಅದರ ತುದಿಗೆ ಬಟ್ಟೆ ಸುತ್ತಿರಲಿ.