ಬಾಗಿಲ ಮೇಲಿನ ದಪ್ಪ ಅಕ್ಷರ

ಅಂಕೋಲೆಯಲ್ಲಿ ನಾನು ಬರೆದ ಮೊದಲ ಬೋರ್ಡು ನೋಡಿ ಜನ ರಸ್ತೆಯ ಆಚೆ ಬದಿಗೆ ಸರಿದು ಹೋದರು! ಅದರಲ್ಲಿ ಇದ್ದದ್ದು ‘ಚಹಾ, ಫರಾಳ’ ಎಂದಷ್ಟೇ, ಬರೀ ಚಹಾ ತಿಂಡಿಯ ಮಾತು. ಓದಲು ಬಾರದವರೇ ಮೊದಲು ಸರಿದರು ಎಂದರೆ ನೀವು ನಂಬಲಿಕ್ಕಿಲ್ಲ.

ಹುಬ್ಬಳ್ಳಿಯವರಾದ ನಿಮಗೆ ಹೇಳಬೇಕೇ? ನಮ್ಮ ಹತ್ತಿಪೇಟೆಯಲ್ಲಿ ಅಕ್ಷರ ದಪ್ಪಗಿದ್ದಷ್ಟೂ ವ್ಯಾಪಾರಿ ಗಟ್ಟಿ ಕುಳ. ಬಿಳಿ ಹಲಗೆ, ಚೌಕ ಚೌಕ ಕರಿ ಅಕ್ಷರ, ಕೆಳಗೊಂದು ಗೆರೆ. ಆ ಕಸುಬನ್ನೇ ನಂಬಿ ಘಟ್ಟ ಇಳಿದೆ. ಕಾರವಾರದಲ್ಲಿ ಒಂದೇ ಅಂಗಡಿಯ ಹಣೆಯ ಮೇಲೆ ಮರಾಠಿ, ಕನ್ನಡ, ಇಂಗ್ಲಿಷು. ಒಳಗೆ ಮಾತು ಮಾತ್ರ ಕೊಂಕಣಿ. ಬಾಯಿ ಬಿಟ್ಟುಕೊಂಡು ತಿರುಗಿದೆ, ಕೆಲಸ ಸಿಗಲಿಲ್ಲ. ಅಲ್ಲಿಂದ ಅಂಕೋಲೆಗೆ ಬಂದೆ.

ಇಲ್ಲಿ ಜಗಲಿಯಲ್ಲಿ ಜಾಗ ಕೊಟ್ಟವಳು ಶೇವಂತಕ್ಕ, ಕಾರವಾರದ ಆಚೆಯ ಚಿತ್ತಾಕುಲದಿಂದ ಬಂದ ವಿಧವೆ. ಬೆಳಿಗ್ಗೆ ‘ಪೇಜ’ ಬಡಿಸುತ್ತಿದ್ದಳು, ಅಂದರೆ ಕುಚ್ಚಲಕ್ಕಿ ಗಂಜಿ. ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಅದು ಊಟವೋ ನೀರೋ ತಿಳಿಯದು! ಅವಳು ಮನೆಯಲ್ಲೇ ಹೊಸದಾಗಿ ಚಹಾದಂಗಡಿ ಇಟ್ಟಿದ್ದಳು. ಅದಕ್ಕೇ ಆ ಬೋರ್ಡು.

ದಿನ ಕಳೆದರೂ ಬೆಂಚು ಖಾಲಿ. ಶೇವಂತಕ್ಕ ಒಲೆಯ ಮುಂದೆ ಕೂತು, “ತಮಾ, ಇದು ನಡೀದಿದ್ರೆ ನಾ ಮತ್ತೆ ಅಣ್ಣನ ಮನಿ ಮೂಲೀಲೇ ಬೀಳ್ಬೇಕು. ಅತ್ಗೆ ಕೈ ಅನ್ನ ತಿಂದು ಸಾಕಾಗೋಯ್ತು ನಂಗೆ” ಎಂದಳು.

ಜನ ಯಾಕೆ ಬರುವುದಿಲ್ಲ? ನನಗೆ ಅದನ್ನು ತಿಳಿಯದೆ ಸಮಾಧಾನವಿಲ್ಲ. ಎದುರಿನ ಮರದ ಕೆಳಗೆ ಕೂತು ನೋಡಿದೆ. ಎಲ್ಲರೂ ಬೋರ್ಡಿನತ್ತ ಕಣ್ಣೆತ್ತುತ್ತಿದ್ದರು, ಸರಿಯುತ್ತಿದ್ದರು. ಕೊನೆಗೆ ಗದ್ದೆಯಿಂದ ಬರುತ್ತಿದ್ದ ಬೊಮ್ಮಯ್ಯ ಎಂಬ ರೈತನನ್ನು ತಡೆದು ಕೇಳಿದೆ.

“ಓದೂಕೆ ನಂಗೆ ಬರೂದಿಲ್ಲ ಮಾರಾಯ. ಆದ್ರೆ ಈ ನಮೂನಿ ಕರಿ ಅಕ್ಷರ ಗೊತ್ತಿದೆ. ನಾವು ಕರ ಕೊಡೂದಿಲ್ಲ ಅಂದಾಗ ಇದನ್ನೇ ಬಾಗ್ಲಿಗೆ ಅಂಟ್ಸಿದ್ರು. ಆಮೇಲೆ ಎಮ್ಮಿ ಹೊಡ್ಕಂಡು ಹೋದ್ರು, ಹಂಡೆನೂ ಬಿಡ್ಲಿಲ್ಲ. ಪಾಪ, ಈ ಹೆಂಗ್ಸಿನ ಮನಿನೂ ಜಪ್ತಿ ಆಯ್ತು ಅಂದ್ಕಂಡೆ.”

ಅಯ್ಯೋ ದೇವರೇ! ಚೌಕ ಅಕ್ಷರ, ಕೆಳಗಿನ ಗೆರೆ, ಎಲ್ಲವೂ ಕರನಿರಾಕರಣೆಯಲ್ಲಿ ಬ್ರಿಟಿಷ್ ಸರಕಾರ ಅಂಟಿಸಿದ ಜಪ್ತಿ ನೋಟೀಸಿನದೇ ರೂಪ. ಹೊರಗಿನವರಾದ ನಮ್ಮಿಬ್ಬರಿಗೆ ಅದು ಹೇಗೆ ಹೊಳೆಯಬೇಕು?

ಇಲ್ಲಿ ಮದುವೆಯ ಮನೆಯಲ್ಲಿ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅದೇ ರೀತಿ ಹಲಗೆಗೆ ಕೆಮ್ಮಣ್ಣಿನ ಬಣ್ಣ ಬಳಿದು, ಬಿಳಿಯಲ್ಲಿ ಸಣ್ಣ, ದುಂಡು ಅಕ್ಷರ ಬರೆದೆ. ಮಾತು ಅದೇ, ‘ಚಹಾ, ಫರಾಳ’. ಬೊಮ್ಮಯ್ಯ ನಿಂತು ನೋಡಿದ, ಚಪ್ಪಲಿ ಕಳಚಿ ಒಳಗೆ ಬಂದ. “ಈಗ ಮದಿಮನಿ ಕಂಡಾಂಗಿದೆ. ಒಂದು ಚಾ ಕೊಡೆ ಶೇವಂತಿ.” ಮರುವಾರ ಬೆಂಚು ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಶೇವಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಗೆಯನ್ನು ಬೈದಳು.

ಈ ಸಲ ಹುಬ್ಬಳ್ಳಿಗೆ ಹೋದಾಗ ನನ್ನ ಅಣ್ಣ ತನ್ನ ಅಂಗಡಿಯ ಬೋರ್ಡು ಬರೆಯಲು ಹೇಳಿದ. ನನ್ನ ದುಂಡು ಅಕ್ಷರ ನೋಡಿ ನಕ್ಕುಬಿಟ್ಟ. “ಏನಲೇ ಇದು, ರಂಗೋಲಿ ಹಾಕೀಯೇನು? ಯಾವಾಂವ ನಂಬ್ತಾನ ಇದನ್ನ? ದಪ್ಪಗ ಬರಿ.” ಅಳಿಸಿ ದಪ್ಪಗೆ ಬರೆದೆ. ಹಿಂದೆ ಸರಿದು ನೋಡಿದರೆ ಅಣ್ಣನ ಬಾಗಿಲಿಗೇ ಜಪ್ತಿ ಬಂದಂತೆ ಕಂಡಿತು. ಕುಂಚ ಕೆಳಗಿಟ್ಟು, ಬೇರೆ ಯಾರನ್ನಾದರೂ ಕರೆಸು ಎಂದೆ.

“ನಮ್ಮೂರ ಅಕ್ಷರಾನ ಬ್ಯಾಡಾತೇನಲೇ ನಿನಗ?” ಎಂದ ಅಣ್ಣ.

ಬೇಡವಾಗಿಲ್ಲ. ಇವತ್ತಿಗೂ ನನ್ನ ಕಣ್ಣಿಗೆ ಅದೇ ಚೆಂದ. ಆದರೆ ಅದನ್ನು ಬರೆದ ಬಾಗಿಲಿನಿಂದ ಒಳಗೆ ಹೋಗಲು ನನಗೀಗ ಹೆದರಿಕೆ.