ಕಂಬಳಿ ಹಿಡಿದ ಸೀಟು

ಇವತ್ತು ಬೆಳಿಗ್ಗೆ ಪೆಟ್ಟಿಗೆಯಿಂದ ಕಂಬಳಿ ತೆಗೆದು ಮಹಡಿಯ ಮೇಲೆ ಬಿಸಿಲಿಗೆ ಹಾಕಿದೆ. ಬಿಸಿಲು ತಗುಲಿದರೆ ಕಂಬಳಿ ಒಂದು ವಾಸನೆ ಬಿಡುತ್ತದೆ. ಕುರಿ, ಒಲೆಯ ಹೊಗೆ, ನೇಯುವಾಗ ಹಾಕಿದ ಹುಣಸೆಬೀಜದ ಗಂಜಿ ಎಲ್ಲ ಸೇರಿದ್ದು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನನಗೆ ಮಾತ್ರ ಆ ವಾಸನೆಗೆ ವಿಮಾನ ನಿಲ್ದಾಣ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಕೆಂಚಮ್ಮತ್ತೆ ನನ್ನ ಅಪ್ಪನ ಅಕ್ಕ, ಬುಕ್ಕಾಪಟ್ಟಣದವಳು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅವಳ ಟವೆಲ್ಲು ಕಿಟಕಿಯೊಳಗೆ ಹೋಗಿ ಬಿದ್ದಿರುತ್ತಿತ್ತು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಮೇಲೆ ವಿಚಾರಿಸುತ್ತಿದ್ದಳು. ಒಮ್ಮೆ ಮಧುಗಿರಿಗೆ ಹೊರಟವಳು ಪಾವಗಡದ ಬಸ್ಸಿನಲ್ಲಿ ಸೀಟು ಹಿಡಿದು, ಹಿಡಿದ ಸೀಟು ಬಿಡಲು ಮನಸ್ಸಾಗದೆ ಪಾವಗಡಕ್ಕೇ ಹೋಗಿ ನೆಂಟರನ್ನು ಮಾತಾಡಿಸಿಕೊಂಡು ಬಂದಿದ್ದಳು.

"ಮೊದ್ಲು ಸೀಟು ಹಿಡೀಬೇಕು ಕಣ್ಲಾ. ಯೋಚ್ನೆನ ಕುಂತ್ಕಂಡು ಮಾಡ್ಬೌದು" ಎನ್ನುತ್ತಿದ್ದಳು.

ನಾನು ಇದಕ್ಕೆ ತದ್ವಿರುದ್ಧ. ಒಂದು ಜೊತೆ ಚಪ್ಪಲಿ ಆರಿಸುವಷ್ಟರಲ್ಲಿ ಅಂಗಡಿಯವನು ಬಾಗಿಲೆಳೆಯಲು ಎದ್ದಿರುತ್ತಾನೆ. ಹೆಣ್ಣು ನೋಡುವ ಕಾಲದಲ್ಲಂತೂ ಮನೆಯವರಿಗೆ ಸಾಕುಸಾಕಾಗಿತ್ತು. ಹೋದ ಕಡೆಯಲ್ಲೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು, "ಯೋಚಿಸಿ ಹೇಳ್ತೀನಿ" ಎಂದು ಎದ್ದು ಬರುತ್ತಿದ್ದೆ. ಬೆಂಗಳೂರಿನ ಗುಟ್ಟಹಳ್ಳಿಯಲ್ಲಿ ಭಾಗ್ಯಳ ಮನೆಯಲ್ಲೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ, "ನಮ್ಗೆ ಒಪ್ಗೆ" ಅಂದುಬಿಟ್ಟಳು. ಅಂದರೆ ಟವೆಲ್ಲು ಎಸೆದುಬಿಟ್ಟಳು. ವೀಳ್ಯಶಾಸ್ತ್ರದ ದಿನ ಗೊತ್ತಾಯಿತು. ನಾನು ಮಾತ್ರ ಒಳಗೊಳಗೇ ಇನ್ನೂ ಯೋಚಿಸುತ್ತಿದ್ದೆ.

ನಮ್ಮಂಥ ಕುರಿ ಕಾಯುವ ಮನೆತನಗಳಲ್ಲಿ ವೀಳ್ಯವನ್ನು ಕರಿಕಂಬಳಿಯ ಮೇಲೆ ಇಟ್ಟೇ ಎತ್ತಬೇಕು. ಅದು ಗದ್ದುಗೆ. ಅದನ್ನು ಯಾರೂ ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ. ನಮ್ಮ ಮನೆಯ ಗದ್ದುಗೆ ಕಂಬಳಿ ಆಗ ಅತ್ತೆಯ ಜೊತೆ ಪುಣೆಯಲ್ಲಿತ್ತು. ಅಲ್ಲಿರುವ ಮಗಳ ಕೂಸನ್ನು ತೊಟ್ಟಿಲಿಗೆ ಹಾಕಲೆಂದು ಒಯ್ದಿದ್ದಳು. ವೀಳ್ಯದ ದಿನ ಬೆಳಿಗ್ಗೆಯೇ ವಿಮಾನದಲ್ಲಿ ಬಂದಿಳಿಯುತ್ತೇನೆ ಎಂದಳು. ಭಾಗ್ಯಳ ಅಜ್ಜ ಗೊರವನಹಳ್ಳಿ ಕಡೆಯವರು, ಖಡಾಖಂಡಿತ ಮನುಷ್ಯ. ಫೋನಿನಲ್ಲಿ ನನಗೆ ಒಂದೇ ಮಾತು ಹೇಳಿದ್ದರು: "ಮಧ್ಯಾಹ್ನದೊಳ್ಗೆ ಕಂಬ್ಳಿ ಬರ್ಬೇಕು. ಈ ಗಳಿಗೆ ತಪ್ಪುದ್ರೆ ಆಷಾಢ ಕಳೀಬೇಕು. ಆಮ್ಯಾಕೆ ನಮ್ ಮನ್ಸು ಹೆಂಗಿರ್ತದೋ ನಾ ಹೇಳಕ್ಕಾಗಲ್ಲ."

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಒಳಗೆ ಬರುವುದೆಂದರೆ ಇನ್ನೊಂದು ಊರಿಗೆ ಹೋದ ಹಾಗೆ. ಬಸ್ಸೋ, ಕೌಂಟರಿನ ಟ್ಯಾಕ್ಸಿಯೋ, ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿಯೋ? ನನ್ನಂಥವನ ಕೈಗೆ ಇಷ್ಟೊಂದು ದಾರಿ ಕೊಡಬಾರದು. ಬಂದಿಳಿದ ಅತ್ತೆಯನ್ನು ಸಾಮಾನಿನ ಜೊತೆ ಬಸ್ಸು ನಿಲ್ಲುವಲ್ಲಿ ಕೂರಿಸಿ, ಒಂದೊಂದು ಕೌಂಟರಿಗೂ ಹೋಗಿ ವಿಚಾರಿಸಿದೆ. ಮೊಬೈಲಿನಲ್ಲಿ ಬಾಡಿಗೆ ಇಳಿಯಲಿ ಎಂದು ಕಾದೆ. ಅದು ಏರಿತು. ಕೊನೆಗೆ ಕೌಂಟರಿನ ಟ್ಯಾಕ್ಸಿ ಗೊತ್ತುಮಾಡಿಕೊಂಡು ಗೆದ್ದವನ ಹಾಗೆ ಬಂದೆ.

"ಟ್ಯಾಕ್ಸಿ ಯಾತಕ್ಲಾ? ನಾನಾಗ್ಲೇ ಬಸ್ನಾಗೆ ಸೀಟು ಹಿಡ್ದಿವ್ನಿ. ಬೀಗ್ರ ಮನೆ ಮುಂದ್ಕೇ ಹೋಯ್ತದಂತೆ."

"ಸೀಟು ಹಿಡಿದೆಯಾ? ಏನು ಹಾಕಿ?"

"ಕಿಟಕಿ ತೆಗೆಯಕ್ಕೇ ಬರಲ್ಲ ಈ ಬಸ್ಸು. ಒಳೀಕೆ ಹತ್ತಿ ಕಂಬ್ಳಿ ಇಟ್ಬಂದೆ. ಟವೆಲ್ಲಾದ್ರೆ ಪಟ್ಣದೋರು ಎತ್ತಿ ಪಕ್ಕಕ್ಕೆ ಮಡಗ್ತಾರೆ. ಕಂಬ್ಳಿ ಮ್ಯಾಲೆ ಯಾರ್ ಕುಂತಾರು?"

ಟ್ಯಾಕ್ಸಿಯಾದರೆ ಆರಾಮ, ನಿನ್ನ ಮಂಡಿಗೂ ಒಳ್ಳೆಯದು ಎಂದು ನಾನು, ಹಿಡಿದ ಸೀಟು ಬಿಡುವುದಿಲ್ಲ ಎಂದು ಅವಳು, ಇಬ್ಬರೂ ವಾದಕ್ಕಿಳಿದೆವು. ವಾದ ಚೆನ್ನಾಗಿಯೇ ನಡೆಯುತ್ತಿತ್ತು. ತಿರುಗಿ ನೋಡಿದರೆ ಬಸ್ಸು ಇಲ್ಲ.

ಟ್ಯಾಕ್ಸಿ ಹತ್ತಿ ಬಸ್ಸಿನ ಹಿಂದೆ ಬಿದ್ದೆವು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ನನಗೆ ಭಾಗ್ಯಳ ಮುಖ ಕಣ್ಣಿಗೆ ಕಟ್ಟಿತು. ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ಕೊಡುತ್ತ, ಯಾರಿಗೂ ಕೇಳದ ಹಾಗೆ, "ಸಕ್ಕರೆ ಜಾಸ್ತಿಯಾಗಿದೆ, ಸುಮ್ಮನೆ ಕುಡಿದುಬಿಡಿ" ಎಂದಿದ್ದಳು. ಆ ಹುಡುಗಿ ಕೈತಪ್ಪಿದರೆ ನನ್ನಿಂದ ತಡೆದುಕೊಳ್ಳಲಾಗದು ಎಂದು ಆ ಟ್ಯಾಕ್ಸಿಯಲ್ಲಿ ತಿಳಿಯಿತು. ಅಷ್ಟು ದಿನದ ಯೋಚನೆ ಅಲ್ಲಿಗೆ ಮುಗಿಯಿತು.

ಹೆಬ್ಬಾಳದಲ್ಲಿ ಎಂದಿನಂತೆ ಎಲ್ಲ ಗಾಡಿಗಳೂ ನಿಂತಿದ್ದವು. ಬೆಂಗಳೂರಿನ ಟ್ರಾಫಿಕ್ಕಿಗೆ ನಾನು ಕೈಮುಗಿದದ್ದು ಅದೊಂದೇ ಸಲ. ಸ್ವಲ್ಪ ಮುಂದೆಯೇ ನಮ್ಮ ಬಸ್ಸು! ಇಳಿದು ಓಡಿ ಬಾಗಿಲು ಬಡಿದೆ. ಒಳಗೆ ಜನ ನಿಂತುಕೊಂಡಿದ್ದರು. ಮುಂದಿನ ಕಿಟಕಿ ಪಕ್ಕದ ಸೀಟೊಂದೇ ಖಾಲಿ. ಅದರ ಮೇಲೆ ಮಡಿಸಿದ ಮಡಿಕೆ ಕದಲದೆ ಕಂಬಳಿ ಕೂತಿತ್ತು.

"ಮೀದೇನಾ ಸಾಮಿ ಇದಿ?" ಎಂದು ಕಂಡಕ್ಟರು ತೆಲುಗಿನಲ್ಲಿ ಶುರುಮಾಡಿ, ಅದು ನಮ್ಮದೇ ಎಂದು ನಾನು ತಲೆಯಾಡಿಸಿದ ಮೇಲೆ ಕನ್ನಡಕ್ಕೆ ಬಂದ. "ನಮ್ದು ಪಾವಗಡ ತಾಲ್ಲೂಕು ಬಲಸಮುದ್ರ. ಇಂಗೆ ಮಡಿಸಿರೋ ಕಂಬ್ಳಿ ಅಂದ್ರೆ ಏನೋ ಕಾರ್ಯಕ್ಕೇ ಹೊಂಟೈತೆ ಅಂತ ಯಾರ್ನೂ ಕುಂಡ್ರಕ್ಕೆ ಬುಡ್ಲಿಲ್ಲ. ಒಬ್ಬಮ್ಮ ಬೈದ್ಲು. ಬೈಸ್ಕಂಡೆ ಬುಡಿ."

ಅಷ್ಟರಲ್ಲಿ ಅತ್ತೆಯೂ ಏದುಸಿರು ಬಿಡುತ್ತ ಹತ್ತಿ ಬಂದಳು. ಕಂಬಳಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಮಡಿಲಲ್ಲಿಟ್ಟುಕೊಂಡು, ತನ್ನ ಸೀಟಿನಲ್ಲಿ ಕೂತೇಬಿಟ್ಟಳು.

"ನಾ ಇಳಿಯಕ್ಕಿಲ್ಲ. ನೀನು ನಿನ್ ಟ್ಯಾಕ್ಸಿಲಿ ಬಾ."

ಸಾಮಾನು ಟ್ಯಾಕ್ಸಿಯಲ್ಲೇ ಇತ್ತು, ಹೋಗಲೇಬೇಕಾಯಿತು. ಡ್ರೈವರ್ ಮೊಬೈಲಿನ ಮಾತು ಕೇಳಿ ಯಾವುದೋ ಒಳದಾರಿ ಹಿಡಿದ. ಅಲ್ಲಿ ರಸ್ತೆ ಅಗೆದಿದ್ದರು. ನಾನು ಗುಟ್ಟಹಳ್ಳಿ ಮುಟ್ಟುವಷ್ಟರಲ್ಲಿ ಗದ್ದುಗೆ ಹಾಸಿ, ವೀಳ್ಯ ಇಟ್ಟು, ಭಾಗ್ಯಳ ಅಜ್ಜನೂ ಅತ್ತೆಯೂ ಕುರಿ ಸಂತೆಯ ಸುದ್ದಿ ಮಾತಾಡುತ್ತ ಮದುವೆ ಗಂಡಿಗಾಗಿ ಕಾಯುತ್ತಿದ್ದರು. ಬೆವರುತ್ತ ಒಳಗೆ ಹೋದವನನ್ನು ಬಾಗಿಲ ಬಳಿ ಭಾಗ್ಯ ಕೇಳಿದಳು: "ಟ್ಯಾಕ್ಸಿಯಲ್ಲಿ ಬಂದ್ರಂತೆ?"

ಮದುವೆಯಾಗಿ ಇಷ್ಟು ವರ್ಷವಾದರೂ, ಶಿರಾದ ಈ ಮನೆಯಲ್ಲಿ ನಾನು ಯಾವುದನ್ನಾದರೂ ಆರಿಸಲು ಕೂತರೆ ಅವಳು ಹೇಳುವುದು ಅದೊಂದೇ ಮಾತು.

ನಾಳೆ ಅತ್ತೆ ಮತ್ತೆ ಪುಣೆಯಿಂದ ಬಂದಿಳಿಯುತ್ತಾಳೆ. ಬಸ್ಸಿನಲ್ಲೇ ಕರೆತರೋಣ, ಅವಳಿಗೆ ಖುಷಿಯಾದೀತು ಎಂದು ನಿನ್ನೆ ಫೋನು ಮಾಡಿದ್ದೆ.

"ಬ್ಯಾಡ ಕಣ್ಲಾ" ಎಂದಳು. "ಮೆಟ್ಲು ಹತ್ತಕ್ಕಾಗಲ್ಲ. ಮಂಡಿ ಎರ್ಡೂ ಹೋಗ್ಬುಟ್ಟವೆ. ಟ್ಯಾಕ್ಸಿನೇ ತಾ."

ಓಡುವ ಬಸ್ಸಿಗೆ ಟವೆಲ್ಲು ಎಸೆಯುತ್ತಿದ್ದವಳ ಬಾಯಲ್ಲಿ ಆ ಮಾತು! ಫೋನಿಟ್ಟವನೇ, ಬಾಡಿಗೆ ಎಷ್ಟೆಂದೂ ಕೇಳದೆ, ಕಾರು ಗೊತ್ತುಮಾಡಿದೆ.

ಈಗ ಕಂಬಳಿಯನ್ನು ಕೊಡವಿ ಮಡಿಸುತ್ತಿದ್ದೇನೆ. "ಅದ್ಯಾಕೆ ಈಗ?" ಎಂದು ಭಾಗ್ಯ ಕೇಳಿದಳು. ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ಇದನ್ನು ಇಟ್ಟುಕೊಂಡು ಹೋಗುತ್ತೇನೆ ಎಂದೆ. ಟ್ಯಾಕ್ಸಿಯಲ್ಲಿ ಯಾರಾದರೂ ಸೀಟು ಹಿಡಿಯುತ್ತಾರಾ ಎಂದು ಅವಳು ನಕ್ಕಳು. ನಗಲಿ. ಶಿರಾದಿಂದ ದೇವನಹಳ್ಳಿಯವರೆಗೂ ಆ ಜಾಗದಲ್ಲಿ ಯಾರೂ ಕೂರುವಂತಿಲ್ಲ.