ಬಸ್‌ಸ್ಟ್ಯಾಂಡಿನ ಅಂಗಡಿಯಮ್ಮನಿಗೆ ಪರೀಕ್ಷೆ

ನಂಜನಗೂಡು ಬಸ್‌ಸ್ಟ್ಯಾಂಡಿನ ಪಕ್ಕ ಪೆಟ್ಟಿಗೆ ಅಂಗಡಿ ಇಟ್ಟಿದ್ದ ಆ ಅಮ್ಮ ಏನೇ ಕೊಡುವ ಮೊದಲು ಸೆರಗಿಗೆ ಕೈ ಒರೆಸಿಕೊಂಡು, "ಯಾರ್ ಮನೆ ಕೂಸು?" ಎನ್ನುತ್ತಿದ್ದರು. ತಲೆ ಬೋಳಾಗುತ್ತಿದ್ದ ನನ್ನನ್ನೂ ಹಾಗೇ ಕೇಳಿದ್ದರು.

ಮಕ್ಕಳಿಗೆ ಬೀಡಿ, ಸಿಗರೇಟು ಮಾರಬಾರದೆಂಬ ಕಾನೂನು ಬಂದ ಹೊಸತು. ಅಂಗಡಿಯವರು ಪಾಲಿಸುತ್ತಾರೋ ಇಲ್ಲವೋ ಎಂದು ಶಾಲೆಯ ಮಗುವೊಂದನ್ನು ಕಳಿಸಿ ನೋಡುವ ಕೆಲಸ ಮೇಷ್ಟ್ರಾದ ನನ್ನ ಕೊರಳಿಗೆ ಬಿತ್ತು. ಕೊಟ್ಟವರಿಗೆ ದಂಡ. ತಾತನ ಬೀಡಿಗೆ ಮೊಮ್ಮಕ್ಕಳೇ ಓಡುವ ಸೀಮೆ ನಮ್ಮದು. ಅಮ್ಮ ಸಿಕ್ಕಿಬೀಳುವುದು ಖಂಡಿತ ಎಂಬ ಚಿಂತೆಯಲ್ಲಿ ನನಗೆ ಹಿಂದಿನ ದಿನದಿಂದಲೇ ಊಟ ಸೇರಿರಲಿಲ್ಲ. ಅವರಿಗೆ ಗುರುತು ಸಿಗದಿರಲೆಂದು ದೇವನೂರಿನಿಂದ ಶಾಲೆಗೆ ಬರುತ್ತಿದ್ದ ಹುಡುಗಿಯನ್ನು ಕಳಿಸಿ, ಕಂಬದ ಹಿಂದೆ ನಿಂತೆ.

"ತಾತಂಗೆ ಒಂದ್ ಕಟ್ಟು ಬೀಡಿ."

"ಯಾರ್ ಮನೆ ಕೂಸವ್ವಾ?"

ಹುಡುಗಿ ಸತ್ಯವಂತೆ. ಊರು, ಮನೆ ಎಲ್ಲ ಹೇಳಿದಳು.

"ಬೀಡಿಗೆ ದೇವನೂರಿಂದ ಇಲ್ಗಂಟ ಕಳ್ಸವ್ನಾ ನಿಮ್ ತಾತ? ನಡಿ, ನಡಿ," ಎಂದು ಅಮ್ಮ ಅವಳ ಕೈ ಹಿಡಿದು ದೇವನೂರಿನ ಬಸ್ಸು ಹತ್ತಿಸಿಯೇಬಿಟ್ಟರು. ಬಸ್ಸು ಸ್ಟಾರ್ಟಾಗಿತ್ತು. ನಾನು ಓಡಿಬಂದೆ.

"ಅಮ್ಮಾ, ಅವಳನ್ನ ನಾನೇ ಕಳ್ಸಿದ್ದು."

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಷ್ಟ್ರಾಗಿ ಹೆಣ್ಕೂಸಿನ ಕೈಲಿ ಬೀಡಿ ತರುಸ್ಕತ್ತೀರಾ ಸಾ? ಹತ್ತಿ. ಇವಳ್ನ ಮನೆಗಂಟ ಬಿಟ್ಟು ಬನ್ನಿ."

ಹತ್ತಿದೆ. ಅಂಗಡಿ ಪಾಸಾಗಿತ್ತು, ನನ್ನ ಮನಸ್ಸೂ ಹಗುರಾಗಿತ್ತು. ನಾನು ಬೀಡಿ ಸೇದುವವನಲ್ಲವೆಂದು ಕಂಡಕ್ಟರಿಗೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ದೇವನೂರು ಬಂತು.